ಬಣ್ಣದ ಕೆಸು ಬಾಯಿಗೆ ಹೋದರೆ ಒಂದೇ ನಿಮಿಷದಲ್ಲಿ ಸಾವೇ? ಕ್ಯಾಲಾಡಿಯಂ ಗಿಡದ ಬಗ್ಗೆ ನಿಜವೆಷ್ಟು, ಸುಳ್ಳೆಷ್ಟು?

"ನಮ್ಮ ಅಮ್ಮ ವರಾಂಡದಲ್ಲಿ ಹನ್ನೊಂದು ಕುಂಡ ಬಣ್ಣದ ಕೆಸು ಬೆಳೆಸಿದ್ದಾರೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಫ್ಯಾಮಿಲಿ ಗ್ರೂಪಿನಲ್ಲಿ ಈ ಮೆಸೇಜ್ ಬಂದ ಮೇಲೆ ಎಲ್ಲರೂ ಗಿಡ ಕಿತ್ತು ಬಿಸಾಡಿ ಅಂತಿದ್ದಾರೆ. ಅಮ್ಮ ಊಟ ಬಿಟ್ಟು ಕೂತಿದ್ದಾರೆ. ನಿಜ ಏನು ಹೇಳಿ."

ಓದುಗರೊಬ್ಬರು ನಮಗೆ ಕಳಿಸಿದ ಸಂದೇಶವಿದು. ಜೊತೆಗೆ ಒಂದು ಫಾರ್ವರ್ಡ್ ಇತ್ತು, ಒಂದು ಫೋಟೊ ಇತ್ತು. ಫೋಟೊದಲ್ಲಿದ್ದದ್ದು ನಡುವೆ ಗುಲಾಬಿ, ಅಂಚಿನಲ್ಲಿ ಹಸಿರು ಇರುವ, ಹೃದಯದಾಕಾರದ ಎಲೆಯ ಗಿಡ. ನರ್ಸರಿಗಳಲ್ಲಿ ಇದನ್ನು ಕ್ಯಾಲಾಡಿಯಂ ಎನ್ನುತ್ತಾರೆ. ಒಂದು ಕಡೆ ಮಗುವಿನ ಸುರಕ್ಷತೆ, ಇನ್ನೊಂದು ಕಡೆ ಅಮ್ಮ ಮುದ್ದಿನಿಂದ ಬೆಳೆಸಿದ ಗಿಡಗಳು. ಹಾಗಾಗಿ ಈ ಸಂದೇಶವನ್ನು ಸಾಲು ಸಾಲಾಗಿ ಪರಿಶೀಲಿಸೋಣ. ಗಿಡ ಉಳಿಸಿಕೊಳ್ಳುವವರು ಅದನ್ನು ಸರಿಯಾಗಿ ಬೆಳೆಸುವುದು ಹೇಗೆ ಎಂಬುದನ್ನೂ ತಿಳಿಯೋಣ.

ಸಂದೇಶದಲ್ಲಿ ಏನಿದೆ?

"ಈ ಗಿಡ ಬಹಳ ಅಪಾಯಕಾರಿ. ಇದರ ಎಲೆ ತಿಂದರೆ ಮಗು ಒಂದು ನಿಮಿಷದೊಳಗೆ, ದೊಡ್ಡವರು ಹದಿನೈದು ನಿಮಿಷದಲ್ಲಿ ಸಾಯುತ್ತಾರೆ. ಮುಟ್ಟಿದ ಕೈಯಿಂದ ಕಣ್ಣು ಮುಟ್ಟಿಕೊಂಡರೆ ಕುರುಡರಾಗುತ್ತೀರಿ. ಎಲ್ಲರಿಗೂ ಕಳಿಸಿ." ಇದು ಸಂದೇಶದ ತಿರುಳು.

ಈ ಸಂದೇಶ ಹೊಸದಲ್ಲ. ಹತ್ತು ವರ್ಷಕ್ಕೂ ಹಿಂದಿನಿಂದ ಇಂಗ್ಲಿಷಿನಲ್ಲಿ ಸುತ್ತುತ್ತಿದೆ. ಮೂಲದಲ್ಲಿ ಅದು ಡಿಫೆನ್‌ಬಾಕಿಯಾ ಎಂಬ ಇನ್ನೊಂದು ಗಿಡದ ಬಗ್ಗೆ ಇತ್ತು. ದಪ್ಪ ಕಾಂಡ, ಹಸಿರು ಎಲೆಯ ಮೇಲೆ ಬಿಳಿ ಚುಕ್ಕೆ ಇರುವ, ಕಚೇರಿಗಳ ಮೂಲೆಯಲ್ಲಿ ಕಾಣಸಿಗುವ ಗಿಡ ಅದು. ಓದುಗರಿಗೆ ಬಂದ ಸಂದೇಶದಲ್ಲಿ ಮಾತು ಅದೇ ಇದೆ, ಫೋಟೊ ಬದಲಾಗಿದೆ. ಆದರೂ ಈ ಎರಡು ಗಿಡಗಳ ನಡುವೆ ನೆಂಟಸ್ತನ ಇರುವುದು ನಿಜ.

ಈ ಗಿಡ ಎಲ್ಲಿಯದು?

ಕ್ಯಾಲಾಡಿಯಂ ಮೂಲತಃ ದಕ್ಷಿಣ ಮತ್ತು ಮಧ್ಯ ಅಮೆರಿಕದ ಉಷ್ಣವಲಯದ ಕಾಡುಗಳದ್ದು. ಮಳೆಗಾಲದಲ್ಲಿ ಚಿಗುರಿ, ಒಣ ಕಾಲ ಬಂದಾಗ ಎಲೆ ಉದುರಿಸಿ, ಗಡ್ಡೆಯ ರೂಪದಲ್ಲಿ ಮಣ್ಣಿನೊಳಗೆ ಉಳಿಯುವ ಸ್ವಭಾವ ಇದರದ್ದು. ಈ ಸ್ವಭಾವವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹೆಸರು ಬಂದದ್ದು ಮಾತ್ರ ಮಲಯ ಭಾಷೆಯ 'ಕೆಲಾಡಿ' ಎಂಬ ಪದದಿಂದ. ಅಲ್ಲಿ ಕೆಲಾಡಿ ಎಂದರೆ ಕೆಸುವಿನ ಜಾತಿಯ ಗಿಡ. ಇಂದು ಇದರ ಗಡ್ಡೆಗಳನ್ನು ವ್ಯಾಪಾರಕ್ಕಾಗಿ ಬೆಳೆಯುವುದರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಲೇಕ್ ಪ್ಲಾಸಿಡ್ ಎಂಬ ಊರು ಹೆಸರುವಾಸಿ.

ನಮ್ಮ ಪತ್ರೊಡೆಯ ಕೆಸು, ಸುವರ್ಣಗಡ್ಡೆ, ಡಿಫೆನ್‌ಬಾಕಿಯಾ, ಆಂಥೂರಿಯಂ, ಅಗ್ಲೋನಿಮಾ, ಸಿಂಗೋನಿಯಂ, ಮನೆಮನೆಯ ಬಾಟಲಿಯಲ್ಲಿರುವ ಮನಿ ಪ್ಲಾಂಟ್, ಎಲ್ಲವೂ ಕ್ಯಾಲಾಡಿಯಂನ ಕುಟುಂಬಕ್ಕೇ ಸೇರಿದವು. ಸಸ್ಯಶಾಸ್ತ್ರದಲ್ಲಿ ಈ ಕುಟುಂಬದ ಹೆಸರು ಅರೇಸಿ. ಬಣ್ಣದ ಕೆಸು ಎಂದು ಜನ ಕರೆಯುವುದರಲ್ಲಿ ತಪ್ಪೇನಿಲ್ಲ.

ಎಲೆಯೊಳಗೆ ಇರುವುದೇನು?

ಮಲೆನಾಡು, ಕರಾವಳಿಯವರಿಗೆ ಇದನ್ನು ವಿವರಿಸುವುದು ಸುಲಭ. ಹಸಿ ಕೆಸುವಿನ ಎಲೆ ಹೆಚ್ಚಿದಾಗ ಕೈ ತುರಿಸುತ್ತದೆ. ಸುವರ್ಣಗಡ್ಡೆ ಹೆಚ್ಚುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳುತ್ತಾರೆ. ಸರಿಯಾಗಿ ಬೇಯದ ಕೆಸು ತಿಂದರೆ ಗಂಟಲು ಕೆರೆಯುತ್ತದೆ. ಇದಕ್ಕೆಲ್ಲ ಮುಖ್ಯ ಕಾರಣ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಹರಳುಗಳು.

ಈ ಹರಳುಗಳು ಸೂಜಿಯ ಆಕಾರದಲ್ಲಿರುತ್ತವೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಗಿಡದ ಕೆಲವು ವಿಶೇಷ ಜೀವಕೋಶಗಳಲ್ಲಿ ಬೆಂಕಿಪೊಟ್ಟಣದ ಕಡ್ಡಿಗಳಂತೆ ಕಟ್ಟು ಕಟ್ಟಾಗಿ ಕೂತಿರುತ್ತವೆ. ಎಲೆಯನ್ನು ಜಗಿದಾಗ ಕೋಶ ಒಡೆದು ಸೂಜಿಗಳು ಹೊರಬಂದು ನಾಲಿಗೆ, ತುಟಿ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಗಿಡದ ರಸದಲ್ಲಿರುವ ಇತರ ವಸ್ತುಗಳು ಆ ಗಾಯಕ್ಕೆ ತಾಗಿ ಉರಿ, ಊತ ಹೆಚ್ಚುತ್ತದೆ. ಪ್ರಾಣಿಗಳು ತನ್ನನ್ನು ತಿನ್ನದಂತೆ ಗಿಡ ಮಾಡಿಕೊಂಡ ಏರ್ಪಾಡಿದು.

ಡಿಫೆನ್‌ಬಾಕಿಯಾಕ್ಕೆ ಇಂಗ್ಲಿಷಿನಲ್ಲಿ 'ಡಂಬ್ ಕೇನ್', ಅಂದರೆ ಮೂಕ ಮಾಡುವ ಕಬ್ಬು, ಎಂಬ ಹೆಸರು ಬಂದದ್ದೂ ಇದರಿಂದಲೇ. ಜಗಿದವರ ನಾಲಿಗೆ ಊದಿ ಸ್ವಲ್ಪ ಹೊತ್ತು ಮಾತು ನಿಲ್ಲುತ್ತದೆ.

ಹಾಗಾದರೆ ಒಂದು ನಿಮಿಷದಲ್ಲಿ ಸಾವು?

ಇದು ಸುಳ್ಳು. ವಿಷವೊಂದು ಇಡೀ ದೇಹಕ್ಕೆ ಏರಬೇಕಾದರೆ ಅದು ರಕ್ತಕ್ಕೆ ಸೇರಿ ಹೃದಯ, ಮಿದುಳು ಮುಂತಾದ ಅಂಗಗಳನ್ನು ತಲುಪಬೇಕು. ಈ ಹರಳುಗಳು ನೀರಿನಲ್ಲಿ ಕರಗುವುದಿಲ್ಲ ಎನ್ನುವಷ್ಟು ಕಡಿಮೆ ಕರಗುತ್ತವೆ. ಹಾಗಾಗಿ ಅವುಗಳ ಹಾನಿ ಹೆಚ್ಚಾಗಿ ತಾಗಿದ ಜಾಗಕ್ಕೇ ಸೀಮಿತ. ಜೊತೆಗೆ, ಮೊದಲ ಕಚ್ಚಿಗೇ ಬಾಯಿ ಉರಿಯುವುದರಿಂದ ಮಕ್ಕಳು ಸಾಮಾನ್ಯವಾಗಿ ತಕ್ಷಣ ಉಗುಳುತ್ತಾರೆ, ಹೆಚ್ಚು ತಿನ್ನುವುದೇ ಇಲ್ಲ.

ಹೆಚ್ಚಿನವರಲ್ಲಿ ಆಗುವುದು ಇಷ್ಟು: ಬಾಯಿ ಉರಿ, ತುಟಿ ಮತ್ತು ನಾಲಿಗೆ ಊತ, ಜೊಲ್ಲು ಸುರಿಯುವುದು, ನುಂಗಲು ಕಷ್ಟ, ಕೆಲವೊಮ್ಮೆ ವಾಂತಿ. ಇವು ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಇಳಿಯುತ್ತವೆ.

ಆದರೆ "ಸುಳ್ಳು ಸುದ್ದಿ" ಎಂದು ನಕ್ಕು ಸುಮ್ಮನಾಗುವ ಹಾಗೂ ಇಲ್ಲ. ಅಪರೂಪಕ್ಕೆ ಊತ ಗಂಟಲಿನವರೆಗೂ ಹಬ್ಬಿ ಉಸಿರಾಟಕ್ಕೆ ಅಡ್ಡಿಯಾಗಬಹುದು. ಅಂಥ ಸಂದರ್ಭದಲ್ಲಿ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು. ಚಿಕ್ಕ ಮಕ್ಕಳ ಶ್ವಾಸನಾಳ ಕಿರಿದಾಗಿರುವುದರಿಂದ ಅವರ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು.

ಕಣ್ಣಿನ ವಿಷಯವೂ ಹೀಗೆಯೇ. ಎಲೆಯನ್ನು ಸುಮ್ಮನೆ ಮುಟ್ಟಿದರೆ ಏನೂ ಆಗುವುದಿಲ್ಲ. ಎಲೆ ಅಥವಾ ತೊಟ್ಟು ಕತ್ತರಿಸಿದಾಗ ಬರುವ ರಸ ಕೈಗೆ ತಾಗಿ, ಆ ಕೈಯಿಂದ ಕಣ್ಣು ಉಜ್ಜಿಕೊಂಡರೆ ವಿಪರೀತ ಉರಿ, ಕೆಂಪಾಗುವುದು, ಕಣ್ಣಿನ ಪಾರದರ್ಶಕ ಪದರಕ್ಕೆ ಗಾಯ ಆಗಬಹುದು. ಸರಿಯಾದ ಚಿಕಿತ್ಸೆ ಪಡೆದರೆ ಇದು ಸಾಮಾನ್ಯವಾಗಿ ವಾಸಿಯಾಗುತ್ತದೆ. ಮುಟ್ಟಿದ ಮಾತ್ರಕ್ಕೆ ಕುರುಡಾಗುತ್ತಾರೆ ಎಂಬುದು ಉತ್ಪ್ರೇಕ್ಷೆ.

ಮಗು ಎಲೆ ಕಚ್ಚಿದರೆ ಏನು ಮಾಡಬೇಕು?

ಫಾರ್ವರ್ಡ್ ಮಾಡುವುದಿದ್ದರೆ ಈ ಭಾಗವನ್ನು ಮಾಡಿ.

1. ಬಾಯಿಯಲ್ಲಿ ಉಳಿದಿರುವ ಎಲೆಯ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ದೊಡ್ಡ ಮಕ್ಕಳಾದರೆ ಬಾಯಿ ಮುಕ್ಕಳಿಸಲು ಹೇಳಿ.
2. ಮಗು ಸರಾಗವಾಗಿ ನುಂಗುತ್ತಿದ್ದರೆ ತಣ್ಣನೆಯ ನೀರು ಅಥವಾ ತಣ್ಣನೆಯ ಹಾಲನ್ನು ಗುಟುಕು ಗುಟುಕಾಗಿ ಕುಡಿಸಿ. ಉರಿ ಕಡಿಮೆಯಾಗುತ್ತದೆ.
3. ಬೆರಳು ಹಾಕಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಚುಚ್ಚಿದ ಗಂಟಲಿಗೆ ಮತ್ತೊಮ್ಮೆ ಪೆಟ್ಟು ಬೀಳುತ್ತದೆ.
4. ಕೈ, ಮುಖವನ್ನು ಸೋಪು ಹಾಕಿ ತೊಳೆಯಿರಿ. ಅದೇ ಕೈಯಿಂದ ಮಗು ಕಣ್ಣು ಉಜ್ಜಿಕೊಳ್ಳದಂತೆ ನೋಡಿ.
5. ರಸ ಕಣ್ಣಿಗೆ ಬಿದ್ದಿದ್ದರೆ ಶುದ್ಧ ನೀರನ್ನು ಸುಮಾರು 15 ನಿಮಿಷ ನಿಧಾನವಾಗಿ ಹರಿಸಿ ತೊಳೆಯಿರಿ. ಆಮೇಲೆ ಕಣ್ಣಿನ ವೈದ್ಯರಿಗೆ ತೋರಿಸಿ.
6. ಉಸಿರಾಡಲು ಕಷ್ಟ, ಉಸಿರಾಡುವಾಗ ಸದ್ದು, ದನಿ ಬದಲಾಗುವುದು, ಎಂಜಲನ್ನೂ ನುಂಗಲಾಗದಿರುವುದು, ಊತ ಏರುತ್ತಲೇ ಇರುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೊರಡಿ.
7. ಎಲೆಯ ಒಂದು ತುಂಡು ಅಥವಾ ಗಿಡದ ಫೋಟೊ ಜೊತೆಗಿರಲಿ. ಯಾವ ಗಿಡ ಎಂದು ತಿಳಿದರೆ ವೈದ್ಯರಿಗೆ ಚಿಕಿತ್ಸೆ ಸುಲಭ.

ನಾಯಿ, ಬೆಕ್ಕುಗಳಿಗೂ ಈ ಎಲೆ ಬಾಯಿಹುಣ್ಣು, ಜೊಲ್ಲು, ವಾಂತಿ ತರುತ್ತದೆ. ಅವು ಜಗಿದರೆ ಪಶುವೈದ್ಯರನ್ನು ಕೇಳಿ.

ಇನ್ನೊಂದು ಮಾತು. ಊಟದ ಕೆಸುವನ್ನು ಹುಳಿ ಹಾಕಿ ಚೆನ್ನಾಗಿ ಬೇಯಿಸಿ ತಿನ್ನುತ್ತೇವೆ ಎಂದು ಬಣ್ಣದ ಕೆಸುವನ್ನು ಪತ್ರೊಡೆಗೆ ಸುತ್ತಲು ಹೋಗಬೇಡಿ. ಅಲಂಕಾರಕ್ಕೆಂದೇ ಬೆಳೆಸುವ ಗಿಡ ಅದು, ಅಡುಗೆಗಲ್ಲ.

ಗಿಡ ಬಿಸಾಡಬೇಕೆ?

ಕ್ಯಾಲಾಡಿಯಂ ಕಿತ್ತು ಬಿಸಾಡಿ, ಅದೇ ಕಿಟಕಿಯಲ್ಲಿ ಮನಿ ಪ್ಲಾಂಟ್ ಇಟ್ಟುಕೊಂಡರೆ ಏನೂ ಬದಲಾಗುವುದಿಲ್ಲ. ಅದರ ಎಲೆಯಲ್ಲೂ ಇದೇ ಸೂಜಿಗಳಿವೆ. ಗಿಡ ಮಗುವಿನ ಕೈಗೆ ಸಿಗುತ್ತದೆಯೇ ಎಂಬುದನ್ನು ನೋಡಿಕೊಂಡರೆ ಸಾಕು. ತೆವಳುವ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗು ಇದ್ದರೆ ಕುಂಡಗಳನ್ನು ನೆಲದಿಂದ ಎತ್ತಿ, ಎಳೆದರೂ ಬೀಳದಂತೆ, ಎತ್ತರದ ಸ್ಟ್ಯಾಂಡಿನಲ್ಲೋ ತೂಗುಕುಂಡದಲ್ಲೋ ಇಡಿ. ಉದುರಿದ ಎಲೆಗಳನ್ನು ದಿನವೂ ಹೆಕ್ಕಿ. ಗಡ್ಡೆಗಳನ್ನು ಆಲೂಗಡ್ಡೆ, ಈರುಳ್ಳಿ ಬುಟ್ಟಿಯ ಹತ್ತಿರ ಇಡಬೇಡಿ. ಎಲೆ ಕತ್ತರಿಸುವಾಗ ಗ್ಲೌಸ್ ಹಾಕಿಕೊಳ್ಳಿ ಅಥವಾ ಕೆಲಸ ಮುಗಿದೊಡನೆ ಕೈ ತೊಳೆಯಿರಿ. ಎತ್ತರದ ಜಾಗವೇ ಇಲ್ಲದ ಮನೆಯಾದರೆ, ಮಗು ಸ್ವಲ್ಪ ದೊಡ್ಡದಾಗುವವರೆಗೆ ಕುಂಡಗಳನ್ನು ಪಕ್ಕದ ಮನೆಯಲ್ಲೋ ನೆಂಟರ ಮನೆಯಲ್ಲೋ ಇಟ್ಟಿರುವುದೇ ಸರಿ.

ಬೆಳೆಸುವುದು ಹೇಗೆ?

ಮಣ್ಣು: ಕೆಂಪು ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮಪಾಲು ಇರಲಿ. ಮಣ್ಣು ಅಂಟಾಗಿದ್ದರೆ ಒಂದಿಷ್ಟು ಮರಳು ಸೇರಿಸಿ. ಹಾಕಿದ ನೀರು ನಿಲ್ಲದೆ ಕುಂಡದ ಕೆಳಗಿನ ತೂತಿನಿಂದ ಹೊರಹೋಗಬೇಕು. ತೂತಿಲ್ಲದ ಚೆಂದದ ಪಿಂಗಾಣಿ ಕುಂಡದಲ್ಲಿ ಗಡ್ಡೆ ಕೊಳೆಯುತ್ತದೆ.

ನೆಡುವುದು: ಗಡ್ಡೆಯ ಮೊಳಕೆಯ ಕಣ್ಣುಗಳು ಮೇಲ್ಮುಖವಾಗಿರಲಿ. 3ರಿಂದ 5 ಸೆಂಟಿಮೀಟರ್ ಆಳ ಸಾಕು. ಕ್ಯಾಲಾಡಿಯಂ ಬೇರು ಬಿಡುವುದು ಗಡ್ಡೆಯ ಮೇಲ್ಭಾಗದಿಂದ. ಹಾಗಾಗಿ ಗಡ್ಡೆಯ ತಲೆ ಮಣ್ಣಿನಿಂದ ಹೊರಗೆ ಕಾಣುವಂತೆ ನೆಟ್ಟರೆ ಬೇರು ಒಣಗುತ್ತದೆ. ಕಣ್ಣು ಯಾವ ಕಡೆ ಎಂದು ತಿಳಿಯದೆ ತಲೆಕೆಳಗಾಗಿ ನೆಟ್ಟರೂ ಚಿಗುರುತ್ತದೆ, ತಡವಾಗುತ್ತದೆ ಅಷ್ಟೆ.

ಬೆಳಕು: ಬಣ್ಣ ಬೇಕಾದರೆ ಬೆಳಕು ಬೇಕು, ಆದರೆ ಮಧ್ಯಾಹ್ನದ ನೇರ ಬಿಸಿಲು ಬೇಡ. ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಕಿಟಕಿ, ಮರದ ನೆರಳು, ಹಸಿರು ಬಲೆಯ ಕೆಳಗಿನ ಜಾಗ ಒಳ್ಳೆಯದು. ಎಲೆಯ ಹಸಿರಿಗೆ ಪತ್ರಹರಿತ್ತು, ಕೆಂಪು ಮತ್ತು ಗುಲಾಬಿಗೆ ಆಂಥೋಸಯನಿನ್ ಎಂಬ ವರ್ಣದ್ರವ್ಯ ಕಾರಣ. ಬಿಳಿ ಭಾಗದಲ್ಲಿ ಪತ್ರಹರಿತ್ತು ತೀರಾ ಕಡಿಮೆ. ಅದಕ್ಕೇ ಬಿಳಿ ಎಲೆಯ ತಳಿಗಳು ಬಿಸಿಲಿಗೆ ಬೇಗ ಸುಡುತ್ತವೆ. ಕತ್ತಲೆ ಮೂಲೆಯಲ್ಲಿಟ್ಟರೆ ತೊಟ್ಟು ಉದ್ದವಾಗಿ ಬಾಗುತ್ತದೆ, ಬಣ್ಣ ಮಂಕಾಗುತ್ತದೆ.

ನೀರು: ದಿನಕ್ಕಿಷ್ಟು ಎಂಬ ಲೆಕ್ಕ ಇಲ್ಲ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ನೀರು ಹಾಕಿ, ಒದ್ದೆಯಿದ್ದರೆ ಬಿಡಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಗಿಡಕ್ಕೂ ಕೆಟ್ಟದ್ದು, ಡೆಂಗಿ ಸೊಳ್ಳೆಗೂ ಮನೆ ಮಾಡಿಕೊಟ್ಟಂತೆ.

ಗೊಬ್ಬರ: ಎರೆಗೊಬ್ಬರ ತಿಂಗಳಿಗೊಂದು ಹಿಡಿ ಸಾಕು. "ಯೂರಿಯಾ ಹಾಕಿದರೆ ಎಲೆ ದೊಡ್ಡದಾಗುತ್ತದೆ" ಎಂಬ ಸಲಹೆ ಕೇಳಿ ಬಂದರೆ ಕೈಬಿಡಿ. ಸಾರಜನಕ ಅತಿಯಾದರೆ ಹಸಿರು ಹೆಚ್ಚಿ, ಯಾವ ಬಣ್ಣಕ್ಕಾಗಿ ಗಿಡ ತಂದಿರೋ ಅದೇ ಮಾಯವಾಗುತ್ತದೆ.

ಚಹಾ ಚರಟ, ಹಾಲು, ಬೆಲ್ಲದ ನೀರು: ಚಹಾದಲ್ಲಿ ಹಾಲು, ಸಕ್ಕರೆ ಇರುವುದರಿಂದ ಅದರ ಚರಟವನ್ನು ನೇರವಾಗಿ ಕುಂಡಕ್ಕೆ ಸುರಿದರೆ ಇರುವೆ, ಬೂಷ್ಟು, ಸಣ್ಣ ನೊಣಗಳು ಬರುತ್ತವೆ. ತೊಳೆದು, ಕಾಂಪೋಸ್ಟಿಗೆ ಹಾಕಿ, ಗೊಬ್ಬರವಾದ ಮೇಲೆ ಬಳಸಿ. ಹೊಳಪು ಬರಲಿ ಎಂದು ಎಲೆಗೆ ಹಾಲು, ಕೊಬ್ಬರಿ ಎಣ್ಣೆ ಹಚ್ಚುವುದೂ ಬೇಡ. ಧೂಳು ಅಂಟುತ್ತದೆ, ಎಲೆಯ ಉಸಿರಾಟದ ರಂಧ್ರಗಳು ಮುಚ್ಚುತ್ತವೆ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು.

ಹುಳ: ಎಲೆಯಡಿ, ತೊಟ್ಟಿನ ಬುಡದಲ್ಲಿ ಹತ್ತಿಯಂತೆ ಬಿಳಿಯಾಗಿ ಕಾಣುವುದು ಹಿಟ್ಟು ತಿಗಣೆ. ಒದ್ದೆ ಹತ್ತಿಯಿಂದ ಒರೆಸಿ ತೆಗೆದು, ಬೇವಿನ ಎಣ್ಣೆಯನ್ನು ಕೆಲವು ಹನಿ ಸೋಪು ಬೆರೆಸಿದ ನೀರಿನಲ್ಲಿ ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಮೊದಲು ಒಂದು ಎಲೆಗೆ ಹಾಕಿ ನೋಡಿ, ಸುಡದಿದ್ದರೆ ಉಳಿದದ್ದಕ್ಕೆ.

ಚಳಿಗಾಲದಲ್ಲಿ ಗಿಡ ಸತ್ತೇಹೋಯಿತೇ?

ಲಾಲ್‌ಬಾಗಿನಲ್ಲಿ ವರ್ಷಕ್ಕೆರಡು ಸಲ, ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನದ ಹೊತ್ತಿಗೆ, ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಆಗಸ್ಟಿನಲ್ಲಿ ಕ್ಯಾಲಾಡಿಯಂ ತುಂಬು ಯೌವನದಲ್ಲಿರುತ್ತದೆ. ಆಗ ಆಸೆಪಟ್ಟು ತಂದ ಗಿಡ ಜನವರಿಯ ಪ್ರದರ್ಶನದ ಹೊತ್ತಿಗೆ ಬೋಳು ಕುಂಡವಾಗಿರುವುದು ಸಾಮಾನ್ಯ. ನವೆಂಬರ್ ಸುಮಾರಿಗೆ ಎಲೆ ಒಂದೊಂದಾಗಿ ಹಳದಿಯಾಗಿ ಬೀಳತೊಡಗುತ್ತದೆ. "ನರ್ಸರಿಯವರು ಮೋಸ ಮಾಡಿದರು", "ಯಾರದೋ ಕಣ್ಣು ಬಿತ್ತು" ಎಂದು ಜನ ಮಣ್ಣು ಸಮೇತ ಚೆಲ್ಲಿಬಿಡುತ್ತಾರೆ. ನಮ್ಮ ತಂಡದಲ್ಲೇ ಒಬ್ಬರು ಮೊದಲ ವರ್ಷ ಹಾಗೆ ಮೂರು ಕುಂಡ ಚೆಲ್ಲಿದ್ದರು. ಗಡ್ಡೆಗಳು ಗಟ್ಟಿಯಾಗಿಯೇ ಇದ್ದವು ಎಂಬುದು ಅವರಿಗೆ ನೆನಪಾದದ್ದು ಆಮೇಲೆ.

ಗಿಡ ಸತ್ತಿರುವುದಿಲ್ಲ, ಮಲಗಿರುತ್ತದೆ. ಒಣ ಕಾಲವನ್ನು ಗಡ್ಡೆಯಲ್ಲಿ ಕಳೆಯುವ ತನ್ನ ಕಾಡಿನ ಅಭ್ಯಾಸವನ್ನು ಅದು ನಮ್ಮ ಬಾಲ್ಕನಿಯಲ್ಲೂ ಮುಂದುವರಿಸುತ್ತದೆ. ತಂಪು ಹೆಚ್ಚಾದಾಗ, ಅದರಲ್ಲೂ ರಾತ್ರಿಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಳಿದಾಗ, ಎಲೆ ನಿಲ್ಲುವುದಿಲ್ಲ. ಆಗ ಹೆಚ್ಚಿನವರು ಮಾಡುವ ತಪ್ಪು, ಗಿಡ ಒಣಗುತ್ತಿದೆ ಎಂದು ಇನ್ನಷ್ಟು ನೀರು ಸುರಿಯುವುದು. ಮಲಗಿದ ಗಡ್ಡೆಗೆ ನೀರು ಬೇಡ, ಹಾಕಿದರೆ ಕೊಳೆಯುತ್ತದೆ.

ಎಲೆ ಹಳದಿಯಾಗತೊಡಗಿದಾಗ ನೀರನ್ನು ನಿಧಾನವಾಗಿ ಕಡಿಮೆ ಮಾಡಿ. ಎಲ್ಲ ಒಣಗಿದ ಮೇಲೆ ಕುಂಡವನ್ನು ಮಳೆ ಬೀಳದ ಮೂಲೆಯಲ್ಲಿ ಹಾಗೆಯೇ ಇಡಬಹುದು. ಇಲ್ಲವೇ ಗಡ್ಡೆ ಅಗೆದು, ಮಣ್ಣು ಕೊಡವಿ, ನೆರಳಿನಲ್ಲಿ ಕೆಲವು ದಿನ ಒಣಗಿಸಿ, ಕಾಗದದ ಚೀಲದಲ್ಲೋ ಒಣ ಕೋಕೋಪೀಟಿನಲ್ಲೋ ಇಡಿ. ಚೀಲದ ಮೇಲೆ ಹೆಸರು ಬರೆಯಿರಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಆ ತಂಪಿಗೆ ಗಡ್ಡೆ ಹಾಳಾಗುತ್ತದೆ.

ಗಡ್ಡೆ ಬದುಕಿದೆಯೇ ಎಂದು ತಿಳಿಯಲು ಹಿಸುಕಿ ನೋಡಿ. ಗಟ್ಟಿಯಿದ್ದರೆ ಬದುಕಿದೆ. ಮೆತ್ತಗಾಗಿ ನಾರುತ್ತಿದ್ದರೆ ಕೊಳೆತಿದೆ. ಯುಗಾದಿಯ ಆಸುಪಾಸಿನಲ್ಲಿ, ಮಣ್ಣು ಬೆಚ್ಚಗಾದ ಮೇಲೆ ಮತ್ತೆ ನೆಟ್ಟು ಹದವಾಗಿ ನೀರು ಕೊಡಿ. ಚಿಗುರು ಕಾಣಲು ಕೆಲವು ವಾರ ಬೇಕು. ಅಗೆದು ಅಗೆದು ನೋಡಬೇಡಿ.

"ಮನೆಯ ಗಾಳಿ ಶುದ್ಧವಾಗುತ್ತದೆ" ಎಂಬುದು?

ಇದೇ ಗುಂಪುಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಸಂದೇಶವೂ ಓಡಾಡುತ್ತದೆ: "ಈ ಗಿಡಗಳು ಗಾಳಿಯ ವಿಷ ಹೀರುತ್ತವೆ, ನಾಸಾ ಹೇಳಿದೆ." 1989ರಲ್ಲಿ ನಾಸಾ ಅಂಥ ಒಂದು ಅಧ್ಯಯನದ ವರದಿ ಪ್ರಕಟಿಸಿದ್ದು ನಿಜ. ಆದರೆ ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಮನೆಯಲ್ಲಿ ಬಾಗಿಲು, ಕಿಟಕಿಯಿಂದ ಗಾಳಿ ಓಡಾಡುತ್ತಲೇ ಇರುತ್ತದೆ. ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಲೆಕ್ಕ ಹಾಕಿದರು. ಕಟ್ಟಡದ ಸಹಜ ಗಾಳಿಯಾಟ ಮಾಡುವಷ್ಟೇ ಕೆಲಸವನ್ನು ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಅಂದರೆ ಹತ್ತು ಅಡಿಗೆ ಹತ್ತು ಅಡಿಯ ಕೋಣೆಗೆ ಕನಿಷ್ಠ 90ಕ್ಕೂ ಹೆಚ್ಚು ಕುಂಡ! ಗಾಳಿಗಾಗಿ ಕಿಟಕಿ ತೆರೆಯಿರಿ, ಕಣ್ಣಿಗೆ ಹಿತವಾಗಿರಲಿ ಎಂದು ಗಿಡ ಬೆಳೆಸಿ.

ತೀರ್ಮಾನ

ಕ್ಯಾಲಾಡಿಯಂ ತಿಂದರೆ ಒಂದು ನಿಮಿಷದಲ್ಲಿ ಸಾವು ಎಂಬುದು ಸುಳ್ಳು. ಮುಟ್ಟಿದರೆ ಕುರುಡುತನ ಎಂಬುದೂ ಸುಳ್ಳು. ಜಗಿದರೆ ಬಾಯಿ ಊದಿ ಉರಿಯುತ್ತದೆ, ಅಪರೂಪಕ್ಕೆ ಆಸ್ಪತ್ರೆಯೂ ಬೇಕಾಗಬಹುದು ಎಂಬುದು ನಿಜ. ಹಾಗಾಗಿ ಗಿಡ ಇರಲಿ, ಮಗುವಿನ ಕೈಗೆಟುಕದಿರಲಿ.

ಆ ಓದುಗರಿಗೂ ನಾವು ಬರೆದದ್ದು ಇಷ್ಟನ್ನೇ. ಎರಡು ದಿನ ಬಿಟ್ಟು ಅವರು ಇನ್ನೊಂದು ಫೋಟೊ ಕಳಿಸಿದರು. ಹನ್ನೊಂದು ಕುಂಡಗಳೂ ಕಾಂಪೌಂಡ್ ಗೋಡೆಯ ಮೇಲೆ ತಂತಿ ಕಟ್ಟಿ ಸಾಲಾಗಿ ಕೂತಿದ್ದವು. ಕೆಳಗೆ ಒಂದು ಸಾಲು ಬರೆದಿದ್ದರು: "ಅಮ್ಮ ಊಟ ಮಾಡಿದರು."

ನಿಮ್ಮ ಗುಂಪಿನಲ್ಲೂ ಆ ಹಳೆಯ ಸಂದೇಶ ಬಂದಿದ್ದರೆ, ಕಳಿಸಿದವರನ್ನು ಹಂಗಿಸಬೇಡಿ. ಮಕ್ಕಳ ಮೇಲಿನ ಕಾಳಜಿಯಿಂದಲೇ ಅವರು ಕಳಿಸಿರುತ್ತಾರೆ. ಮಗು ಎಲೆ ಕಚ್ಚಿದರೆ ಏನು ಮಾಡಬೇಕು ಎಂಬ ಮೇಲಿನ ಏಳು ಸಾಲುಗಳನ್ನು ಅದರ ಕೆಳಗೆ ಹಾಕಿ.